ಅಕ್ಕನ ಅಳತೆ

ಕುಮಟೆಯ ಬಸ್‌ಸ್ಟ್ಯಾಂಡಿನಿಂದ ನಮ್ಮ ಮನೆಗೆ ಬರುವ ದಾರಿಯಲ್ಲಿ ಒಂದು ಹೊಸ ಬೇಕರಿ ಆಗಿದೆ. ಮೊನ್ನೆ ಅದರ ಮುಂದೆ ಹಾಯುವಾಗ ವೆನಿಲ್ಲಾದ ಪರಿಮಳ ಮೂಗಿಗೆ ಬಡಿಯಿತು. ನಿಮಗಾದರೆ ಹುಟ್ಟುಹಬ್ಬ ನೆನಪಾಗುತ್ತಿತ್ತೇನೋ. ನನಗೆ ನೆನಪಾದದ್ದು ಬಾಯಾರಿಕೆ, ನನ್ನ ಅಕ್ಕನ ಬಾಯಾರಿಕೆ.

ಅಕ್ಕ ಇದ್ದದ್ದು ಹೊನ್ನಾವರದಲ್ಲಿ. ಎರಡೂ ಕಿಡ್ನಿ ಸೋತ ಮೇಲೆ ಡಯಾಲಿಸಿಸ್‌ಗೆಂದು ಕುಮಟೆಗೆ ಬಂದು, ನಮ್ಮಲ್ಲಿ ಮಲಗಿ ಸುಧಾರಿಸಿಕೊಂಡು ಹಿಂತಿರುಗುತ್ತಿದ್ದಳು. ನಮ್ಮ ಕರಾವಳಿಯ ಸೆಕೆ ನಿಮಗೆ ಗೊತ್ತಲ್ಲ, ಕೂತಲ್ಲೇ ಬೆವರು ಇಳಿಯುತ್ತದೆ. ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆಂದು, ಅಂಥ ಸೆಕೆಯಲ್ಲೂ ಅವಳಿಗೆ ಡಾಕ್ಟರು ಇಡೀ ದಿನಕ್ಕೆ ಹೇಳಿದ್ದು ಒಂದು ಸಣ್ಣ ಬಾಟಲಿ ನೀರು. ಚಹಾ, ಸಾರು, ಮಜ್ಜಿಗೆ ಎಲ್ಲವೂ ಅದರೊಳಗೇ.

ಅಂಥವಳಿಗೆ ಕೇಕಿನ ಹುಚ್ಚು ಹಿಡಿಯಿತು. ತನಗಲ್ಲ, ಮಗಳು ಅನಘಾಳ ಹುಟ್ಟುಹಬ್ಬಕ್ಕೆ. ಓವನ್ ಇದ್ದದ್ದು ನಮ್ಮ ಮನೆಯಲ್ಲಿ, ಕಸುವು ಇದ್ದದ್ದು ನನ್ನ ತೋಳಿನಲ್ಲಿ. ಹಾಗಾಗಿ ಅವಳು ಕುರ್ಚಿಯಲ್ಲಿ, ನಾನು ಕಟ್ಟೆಯ ಮುಂದೆ. ನಾನಾದರೋ ಸಾರಿಗೆ ಉಪ್ಪನ್ನು ದೇವರ ಮೇಲೆ ಭಾರ ಹಾಕಿ ಹಾಕುವವಳು. ಕಪ್ಪನ್ನು ಮೈದಾದ ಡಬ್ಬಿಗೇ ಅದ್ದಿ, ಬೆರಳಿನಿಂದ ಒತ್ತಿ ಒತ್ತಿ ತುಂಬಿಸಿದೆ.

"ಎಂತ ಮಾಡ್ತಿ ಮಾರಾಯ್ತಿ? ಅದೆಂತ ಭತ್ತದ ಚೀಲನಾ? ಹಿಟ್ಟು ಮೊದ್ಲು ಸಡಿಲ ಮಾಡು. ಚಮಚದಲ್ಲಿ ಕಪ್ಪಿಗೆ ಹಾಕು, ಮೇಲೆ ಚಾಕು ಬೆನ್ನಿಂದ ಸವರು."

ಹಾಲನ್ನು ಕೈಯಲ್ಲಿ ಎತ್ತಿ ಹಿಡಿದು ಅಳೆದರೂ ಬಯ್ಯುತ್ತಿದ್ದಳು. ಕಪ್ಪನ್ನು ಕಟ್ಟೆಯ ಮೇಲಿಟ್ಟು, ಬಗ್ಗಿ, ಗೆರೆಯ ಮಟ್ಟಕ್ಕೆ ಕಣ್ಣು ತಂದು ನೋಡಬೇಕು. ಬೇಕಿಂಗ್ ಪೌಡರ್ ಚಮಚದ ಮೇಲೆ ಗೋಪುರವಾಗಬಾರದು. ಮೊದಲ ಕೇಕು ನಡುವೆ ಕುಸಿಯಿತು. ಬೇಯುವ ಮೊದಲೇ ನಾನು ಓವನ್ನಿನ ಬಾಗಿಲು ತೆಗೆದು ಇಣುಕಿದ್ದೆ. ಅಕ್ಕ ನಕ್ಕಳು. ನಗುವಾಗ ಒಣಗಿದ ತುಟಿ ಬಿರಿದು ರಕ್ತ ಒಸರಿತು. ಒಮ್ಮೆ ಹಾಲಿನ ಕಪ್ಪನ್ನೇ ನೋಡುತ್ತ, "ಇಷ್ಟನ್ನೂ ಗಟಗಟ ಕುಡಿಯೂಕೆ ಆಗಿದ್ರೆ..." ಎಂದಳು. ನಾನು ಕೇಳಿಸದವಳಂತೆ ಹಿಟ್ಟು ಕಲಸಿದೆ.

ಹುಟ್ಟುಹಬ್ಬದ ಕೇಕು ಚೆನ್ನಾಗಿಯೇ ಬಂತು. ಮಳೆಗಾಲ ಹಿಡಿಯುವಷ್ಟರಲ್ಲಿ ಅಕ್ಕನ ಹೃದಯವೂ ಸೋತಿತು. ಡಯಾಲಿಸಿಸ್ ತಡೆದುಕೊಳ್ಳುವ ಶಕ್ತಿ ದೇಹಕ್ಕಿಲ್ಲ ಎಂದ ಡಾಕ್ಟರು, "ಇನ್ನು ನೀರು ಕೇಳಿದಷ್ಟು ಕೊಡಿ" ಎಂದರು. ಆ ಮಾತಿನ ಅರ್ಥ ಅಕ್ಕನಿಗೂ ಆಯಿತು. ಲೋಟ ತುಂಬ ತಂದೆ. ಒಂದೆರಡು ಗುಟುಕು ಇಳಿಯಿತು. ಉಳಿದದ್ದು ಕಟಬಾಯಿಯಿಂದ ದಿಂಬಿಗೆ ಹರಿಯಿತು. "ಸಾಕು, ಆತು" ಎಂದಳು. ಆ ಸಂಜೆಯೇ ಹೋದಳು.

ಮೊನ್ನೆ ಬೇಕರಿ ದಾಟಿ ಮನೆಗೆ ಬಂದರೆ ಅನಘಾ ಬಂದಿದ್ದಳು. ಈಗ ಕಾಲೇಜಿಗೆ ಹೋಗುವವಳು. "ಚಿಕ್ಕಿ, ನಂಗೂ ಕೇಕು ಮಾಡೂಕೆ ಕಲ್ಸು" ಎಂದಳು. ಹಿಟ್ಟು ಅಳೆದಾಯಿತು. ಮೊಟ್ಟೆ ಕದಡುತ್ತಿದ್ದವಳು ನನ್ನತ್ತ ನೋಡದೆಯೇ ಕೇಳಿದಳು:

"ಕಡೇ ದಿನ ನನ್ನ ಹೊರಗೇ ಕೂರ್ಸಿದ್ರಿ. ಆಯಿಗೆ ನೀರು ಕೊಟ್ಟಿದ್ರಾ ಚಿಕ್ಕಿ? ಬಾಯಾರ್ಕೊಂಡೇ ಹೋದ್ಲಾ?"

ಇಷ್ಟು ವರ್ಷ ಈ ಹುಡುಗಿ ತಾಯಿಯ ಬಗ್ಗೆ ಇದನ್ನೇ ಹೊತ್ತು ತಿರುಗುತ್ತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಹೊಟ್ಟೆ ತುಂಬ ಕುಡಿದಳು ಎಂದುಬಿಡಬಹುದಿತ್ತು. ಬಾಯಿ ಬರಲಿಲ್ಲ.

"ಲೋಟ ತುಂಬ ಕೊಟ್ಟೆ ಮಗಾ. ಒಂದೆರಡು ಗುಟುಕು ಕುಡಿದ್ಲು. ಸಾಕು ಅಂದ್ಲು."

ಅವಳ ಕೈ ನಿಂತಿತು. ಪಾತ್ರೆಯನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟು ಅವಳನ್ನು ತಬ್ಬಿಕೊಂಡೆ. ಅಕ್ಕ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಆ ದಿನ ಕೇಕು ಆಗಲಿಲ್ಲ.