ಒಂದೇ ಪುಟ ಓದುತ್ತಿದ್ದ ಹನುಮಂತರಾಯಪ್ಪ

ಹನುಮಂತರಾಯಪ್ಪನವರ ಕೈಯಲ್ಲಿ ನೂರಾರು ಪಿಎಚ್‌ಡಿ ಪ್ರಬಂಧಗಳು ಹಾದುಹೋಗಿದ್ದವು. ಪ್ರತಿಯೊಂದರಲ್ಲೂ ಅವರು ಓದುತ್ತಿದ್ದುದು ಒಂದೇ ಪುಟ, ಕೃತಜ್ಞತೆಯ ಪುಟ. ಅಂಟು ಒಣಗುವವರೆಗೆ ಸ್ಟೂಲಿನ ಮೇಲೆ ಕೂತು, ಇಂಗ್ಲಿಷಿನ ಒಂದೊಂದು ಪದದ ಕೆಳಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವರು. ಮಿಕ್ಕ ಇನ್ನೂರು ಪುಟಗಳ ಬಗ್ಗೆ ಕೇಳಿದರೆ, "ಅದು ಅವರವರ ಕರ್ಮ" ಎನ್ನುವರು.

ಮತ್ತಿಕೆರೆಯಲ್ಲಿ ಅವರದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಬೋರ್ಡು ಹಸಿರಿತ್ತು ಎಂದು ಬರೆಯಹೊರಟೆ. ನೀಲಿಯೂ ಇದ್ದಿರಬಹುದು. ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಅಲ್ಲಿ ನಡೆದ ಒಂದು ಮಾತುಕತೆಯನ್ನು ಮಾತ್ರ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ.

ಆಗ ನಾನು ಪಿಎಚ್‌ಡಿಯ ಮೊದಲ ಗೈಡನ್ನು ಬಿಟ್ಟು ಬಂದಿದ್ದೆ. ಎರಡು ವರ್ಷ ಕೈಜಾರಿತ್ತು. ಎರಡನೆಯ ಸಲವೂ ಎಡವಿದರೆ ಸಂಶೋಧನೆಯ ಆಸೆಗೇ ಎಳ್ಳುನೀರು ಬಿಡಬೇಕಿತ್ತು. ಅದಕ್ಕೇ ಈ ಸಲ ಎಲ್ಲರೂ ಹೊಗಳುವ ಪ್ರೊಫೆಸರರ ಹೆಸರನ್ನೇ ಅರ್ಜಿಯಲ್ಲಿ ಬರೆದು, ಮಾರ್ಕ್ಸ್ ಕಾರ್ಡುಗಳ ಜೆರಾಕ್ಸ್ ಮಾಡಿಸಲು ಹೋಗಿದ್ದೆ. ಹನುಮಂತರಾಯಪ್ಪ ಆ ಹೆಸರು ನೋಡಿ "ಹೂಂ" ಎಂದರು.

"ಯಾಕೆ ಯಜಮಾನ್ರೇ, ಹೂಂ ಅಂದ್ರಿ?"

"ಏನಿಲ್ಲ ಸ್ವಾಮಿ. ಅವ್ರ ಕಡೆಯೋರ ಬುಕ್ಕು ಸುಮಾರು ಕಟ್ಟಿವ್ನಿ. ಅಪ್ಪ ಅಮ್ಮಂಗೆ ಅರ್ಧ ಪುಟ, ಫ್ರೆಂಡ್ಸ್‌ಗೆ ಒಂದು ಪುಟ. ಗೈಡ್‌ಗೆ ಮಾತ್ರ ಎಲ್ಲಾರದ್ರಲ್ಲೂ ಅದೇ ಎರಡು ಲೈನು. ಒಬ್ಬಂದ ಇನ್ನೊಬ್ಬ ಕಾಪಿ ಒಡ್ದವ್ನೆ." ಹಾಳೆಗಳನ್ನು ಜೋಡಿಸುತ್ತ ಮುಂದುವರಿಸಿದರು: "ಆ ಕೆರೆ ಮೇಡಂ ಇಲ್ವಾ, ಅವ್ರ ಸ್ಟೂಡೆಂಟ್ ಒಬ್ಳು ಏನ್ ಬರ್ದಿದ್ಲು ಗೊತ್ತಾ? ಮೂರನೇ ವರ್ಷ ಲೆಕ್ಕ ತಪ್ಪಿದೆ, ಮೇಡಂ ಬೈದ್ರು, ಆಮೇಲೆ ಇಬ್ರೂ ಕೂತ್ಕಂಡು ಮೊದಲಿಂದ ಎಣಿಸಿದ್ವಿ ಅಂತ. ಇಂಗೆ ಯಾರಾದ್ರೂ ಬರೀತಾರಾ!"

ಕೆರೆ ಮೇಡಂ ಎಂದರೆ ಕೆರೆಗಳ ಪಾಚಿಯನ್ನು ಅಧ್ಯಯನ ಮಾಡುತ್ತಿದ್ದ, ಅಷ್ಟೇನೂ ಹೆಸರಿಲ್ಲದ ಅಧ್ಯಾಪಕಿ. ನನ್ನೊಳಗಿನ ತರ್ಕಶಾಸ್ತ್ರಿ ಸುಮ್ಮನಿರಲಿಲ್ಲ. "ಯಜಮಾನ್ರೇ, ನಿಮ್ಮತ್ರ ಬರೋರೆಲ್ಲ ಪಿಎಚ್‌ಡಿ ಮುಗಿಸಿದವರು. ಅರ್ಧಕ್ಕೆ ಬಿಟ್ಟವರ ವಿಷಯ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದೆ.

"ಬಿಟ್ಟೋರೂ ಬತ್ತಾರೆ ಸ್ವಾಮಿ. ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಮಾಡ್ಸಕ್ಕೆ. ನೀವೀಗ ಬಂದಿಲ್ವಾ, ಅಂಗೆ."

ನಾನು ಕೈಯಲ್ಲಿದ್ದ ಮಾರ್ಕ್ಸ್ ಕಾರ್ಡುಗಳನ್ನು ನೋಡಿಕೊಂಡೆ. ಅವರೇ ಸಮಾಧಾನ ಮಾಡಿದರು: "ನಾನು ಅಂಟು ಬಳಿಯೋನು, ನನ್ ಮಾತು ಕಟ್ಕಬೇಡಿ. ಎರಡು ಕಡೀಕೂ ಓಗಿ. ದೊಡ್ಡೋರ್ನ ಮಾತಾಡಿಸ್ಬೇಡಿ. ಟೀ ಒತ್ನಾಗೆ ಅವ್ರ ಸ್ಟೂಡೆಂಟ್ಸ್ ಪಕ್ಕ ಕೂತ್ಕಳಿ."

ಹೋದೆ. ಪ್ರೊಫೆಸರರ ದೊಡ್ಡ ಲ್ಯಾಬಿನವರು ಆದರದಿಂದ ಯಂತ್ರಗಳನ್ನೆಲ್ಲ ತೋರಿಸಿದರು. "ನಿಮ್ಮ ಫಲಿತಾಂಶ ಸರ್ ಹೇಳಿದ್ದಕ್ಕೆ ಉಲ್ಟಾ ಬಂದ್ರೆ?" ಎಂದು ಕೇಳಿದೆ. ಒಬ್ಬ ಬಾಗಿಲಿನ ಕಡೆ ನೋಡಿ, "ಅಂಥದ್ದು ಬರಲ್ಲ ಮಗಾ" ಎಂದ. ಎಲ್ಲರೂ ನಕ್ಕರು, ಮೆಲ್ಲಗೆ.

ಮೇಡಂ ಅವರ ಕೋಣೆ ಇಕ್ಕಟ್ಟು. ಇದ್ದ ಒಂದು ಮೈಕ್ರೋಸ್ಕೋಪಿಗೆ ಸರದಿ. ನಾನು ಟೀ ಲೋಟ ಹಿಡಿದು ಕೂತಿದ್ದಾಗಲೇ ಅವರು ಒಳಗೆ ಬಂದು, ಮಸೂರದಲ್ಲಿ ಇಣುಕಿ, ಯಾವುದೋ ಪಾಚಿಯ ಹೆಸರು ಹೇಳಿದರು. "ಅಲ್ಲ ಮೇಡಂ, ಸರಿಯಾಗಿ ನೋಡಿ" ಎಂದಳು ಒಬ್ಬ ವಿದ್ಯಾರ್ಥಿನಿ. ಅವರು ಮತ್ತೆ ನೋಡಿದರು. "ಹೌದಲ್ಲೇ! ನನ್ನ ಕನ್ನಡಕ ಬದಲಾಯಿಸ್ಬೇಕು." ಆಮೇಲೆ ನನ್ನತ್ತ ತಿರುಗಿ, "ನಮ್ಮಲ್ಲಿ ಎಲ್ಲಾ ನಿಧಾನ ಕಣಪ್ಪ. ಬೆಳಿಗ್ಗೆ ಆರಕ್ಕೆ ಜಕ್ಕೂರು ಕೆರೆ ಹತ್ರ ನಿಂತಿರ್ಬೇಕು. ಆಗುತ್ತಾ?" ಎಂದರು.

ಅರ್ಜಿಯಲ್ಲಿ ಹೆಸರು ಬದಲಿಸಿದೆ. ದೊಡ್ಡ ಲ್ಯಾಬಿನಲ್ಲಿ ಸುಖವಾಗಿ ಕೆಲಸ ಮುಗಿಸಿದವರೂ ಇದ್ದಾರೆ, ಅದನ್ನೂ ಹೇಳಬೇಕು. ಆದರೆ ಪ್ರಶ್ನೆ ಕೇಳದೆ ಇರಲಾರದ ನನ್ನಂಥವನಿಗೆ ಆ ಇಕ್ಕಟ್ಟು ಕೋಣೆಯೇ ಸರಿಯಾಯಿತು. ಮೇಡಂ ಬೈದರು, ನಾನು ವಾದಿಸಿದೆ, ಕೆಲವು ಸಲ ಗೆದ್ದೆ ಕೂಡ.

ಈಗ ಆ ಅಂಗಡಿ ಇಲ್ಲ, ಅಲ್ಲೊಂದು ಜ್ಯೂಸ್ ಸೆಂಟರ್ ಇದೆ. ಹನುಮಂತರಾಯಪ್ಪ ತೀರಿಕೊಂಡರೆಂದು ಪಕ್ಕದ ದರ್ಜಿ ಹೇಳಿದರು. ನಾನು ಅವರನ್ನು ಕೊನೆಯ ಸಲ ಕಂಡದ್ದು ನನ್ನ ಪ್ರಬಂಧ ಕಟ್ಟಿಸಲು ಹೋದಾಗ. ಅವತ್ತು ನೀವು ಹೀಗೆ ಹೇಳಿದಿರಿ, ಅದರಿಂದಲೇ ದಾರಿ ಸಿಕ್ಕಿತು ಎಂದು ಸಂಭ್ರಮದಿಂದ ವಿವರಿಸಿದೆ. ಅವರು ಗಾಬರಿಯಾದರು.

"ನಾನಾ? ಇಲ್ಲಪ್ಪ! ಅಷ್ಟ್ ದೊಡ್ ಮೇಷ್ಟ್ರ ಬಗ್ಗೆ ನಾನ್ಯಾಕೆ ಅಂಗಂತೀನಿ?"

ಮರೆತಿದ್ದರೋ, ಮರೆತಂತೆ ನಟಿಸಿದರೋ, ಅಥವಾ ನಾನೇ ಅರ್ಧ ಕಟ್ಟಿಕೊಂಡಿದ್ದೆನೋ. ಇವತ್ತಿಗೂ ಇತ್ಯರ್ಥವಾಗಿಲ್ಲ. ನನ್ನ ಮುಖ ಸಪ್ಪಗಾದದ್ದು ಕಂಡಿರಬೇಕು.

"ಮೇಡಂ ಜೊತೆ ಒಂದ್ಕೊಂಡ್ತಾ?"

"ಹೊಂದ್ಕೊಂಡ್ತು."

"ಅಂಗಾರೆ ಯಾರ್ ಹೇಳಿದ್ರೇನು? ಓಗಿ ನೋಡಿದ್ದು ನೀವು." ರಟ್ಟನ್ನು ಮಗ್ಗುಲಿಗೆ ತಿರುಗಿಸಿ, ಅಚ್ಚಿನ ಅಕ್ಷರ ಜೋಡಿಸತೊಡಗಿದರು. "ಹೆಸ್ರು ಮುಂದೆ ಡಾಕ್ಟರ್ ಅಂತ ಆಕ್ಲಾ?"

"ಬೇಡ ಯಜಮಾನ್ರೇ, ವೈವಾ ಪರೀಕ್ಷೆ ಇನ್ನೂ ಆಗಿಲ್ಲ."

"ಆಯ್ತದೆ ಬುಡಿ" ಎಂದರು, ತಲೆಯೆತ್ತದೆ.