ಮುಚ್ಚಳ ಹಾಕುವ ತನಕ ನಾನು ಸರಿಯಲಿಲ್ಲ

ಮೂರು ವರ್ಷದ ಹಿಂದಿನ ಬೇಸಿಗೆ ಅದು. ಯುಗಾದಿ ಮುಗಿದಿತ್ತು, ಎಲ್ಲಿ ನೋಡಿದರೂ ಮದುವೆ, ಗೃಹಪ್ರವೇಶ. ಬಾಗಿಲು, ಮಂಚಗಳಿಗೆ ಬೇಡಿಕೆ ಹೆಚ್ಚುವ ಕಾಲ. ಆ ವರ್ಷ ಹೇಗಾದರೂ ಮಾಡಿ ಮರ ಕೊಯ್ಯುವ ಸ್ವಂತ ಯಂತ್ರ ಕೊಳ್ಳಲೇಬೇಕೆಂದು ನಮ್ಮವರು ಪಟ್ಟು ಹಿಡಿದಿದ್ದರು.

ನಾವಿರುವುದು ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ. ಮನೆಗೆ ಹೊಂದಿಕೊಂಡೇ ಒಂದು ತಗಡಿನ ಶೆಡ್ಡು. ಅಲ್ಲಿ ನಮ್ಮವರು ಬಾಗಿಲು, ಕಿಟಕಿಯ ಚೌಕಟ್ಟು, ಮಂಚ ಮಾಡುತ್ತಾರೆ. ಮರವನ್ನು ನುಣುಪಾಗಿ ಉಜ್ಜಿ ಪಾಲಿಶ್ ಹಚ್ಚುವುದು ನನ್ನ ಪಾಲಿನ ಕೆಲಸ. ಹೊಲದ ಬದುವಿನ ಮೇಲೆ ಬಿದ್ದ ಬೇವು, ಜಾಲಿ ಮರಗಳನ್ನು ರೈತರು ಕರೆದು ಕೊಡುತ್ತಾರೆ. ಆದರೆ ಆ ದಿಮ್ಮಿಗಳನ್ನು ಲಾರಿಗೆ ಏರಿಸಿ, ಪೇಟೆಯ ಸಾಮಿಲ್ಲಿಗೆ ತಂದು, ನಮ್ಮ ಪಾಳಿ ಬರುವ ತನಕ ಕಾಯುವುದರಲ್ಲಿ ಅರ್ಧ ಜೀವ ಹೋಗುತ್ತಿತ್ತು. ಒಮ್ಮೊಮ್ಮೆ ಮದುವೆಯೇ ಮುಗಿದುಹೋದರೂ ಮಂಚದ ಮರ ಇನ್ನೂ ಸಾಮಿಲ್ಲಿನಲ್ಲೇ ಬಿದ್ದಿರುತ್ತಿತ್ತು.

ಹೀಗಿರುವಾಗ ಅವರಿಗೆ ಯಾರೋ ಮೊಬೈಲಿನಲ್ಲಿ ಒಂದು ಹೊಸ ನಮೂನೆಯ ಸಾಮಿಲ್ ತೋರಿಸಿದರು. ಅದಕ್ಕೆ ಗಾಲಿಗಳಿದ್ದವು. ಗಾಡಿಯ ಹಿಂದೆ ಕಟ್ಟಿಕೊಂಡು ಮರ ಬಿದ್ದ ಹೊಲಕ್ಕೇ ಒಯ್ಯಬಹುದು. ದಿಮ್ಮಿ ಇದ್ದಲ್ಲೇ ಇರುತ್ತದೆ, ಗರಗಸ ಅದರ ಮೇಲೆ ಹಾಯ್ದು ಹೋಗುತ್ತದೆ. ಗರಗಸವೆಂದರೆ ಉದ್ದನೆಯ ತೆಳು ಉಕ್ಕಿನ ಪಟ್ಟಿ, ಎರಡು ದೊಡ್ಡ ಚಕ್ರಗಳ ಸುತ್ತ ಬಳೆಯ ಹಾಗೆ ತಿರುಗುತ್ತದೆ. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಪರವಾನಗಿಗೆ ಏನೇನು ಬೇಕೆಂಬುದನ್ನೂ ಅವರು ಮೊದಲೇ ಕೇಳಿಕೊಂಡು ಬಂದರು. ರಾತ್ರಿ ಊಟಕ್ಕೆ ಕುಳಿತರೂ ಅದೇ ಮಾತು.

ಆ ಯಂತ್ರ ಮಾಡುವ ಕಂಪನಿಯ ಹುಬ್ಬಳ್ಳಿ ಅಂಗಡಿಗೆ ನಾವಿಬ್ಬರೂ ಹೋದೆವು. ಅಲ್ಲಿದ್ದ ಪ್ರಕಾಶ ಎಂಬವರು ತಮ್ಮ ಅಂಗಳದಲ್ಲೇ ನೀಲಗಿರಿಯ ನೇರ ದಿಮ್ಮಿಯೊಂದನ್ನು ಇಟ್ಟು ಕೊಯ್ದು ತೋರಿಸಿದರು. ಹಲಗೆಗಳು ಒಂದರ ಹಿಂದೊಂದು ಬಿದ್ದವು. ನಮ್ಮವರಂತೂ ಹಲಗೆಯ ಮೇಲೆ ಕೈಯಾಡಿಸುತ್ತ ನಿಂತುಬಿಟ್ಟರು. ನಾನು ಮಾತ್ರ, ನಾವು ಕೊಯ್ಯುವುದು ಇಂಥ ಸಾಧು ಮರವಲ್ಲ, ಗಂಟು ತುಂಬಿದ ಬೇವು ಜಾಲಿ, ಅದನ್ನು ಕೊಯ್ದು ತೋರಿಸಬೇಕು ಎಂದೆ. ಪ್ರಕಾಶ ಅವರು ಒಪ್ಪಿದರು. ಜೊತೆಗೆ, ಧಾರವಾಡದ ಆಚೆಯ ಹಳ್ಳಿಯೊಂದರಲ್ಲಿ ಇದೇ ಯಂತ್ರ ಕೊಂಡವರಿದ್ದಾರೆ, ಬೇಕಾದರೆ ಹೋಗಿ ವಿಚಾರಿಸಿ ಎಂದು ವಿಳಾಸ ಕೊಟ್ಟರು.

ಮರುದಿನವೇ ಬೈಕು ಹತ್ತಿ ಆ ಹಳ್ಳಿಗೆ ಹೋದೆವು. ಮನೆಯ ಯಜಮಾನರು ಬಲು ಆದರದಿಂದ ಕಟ್ಟೆಯ ಮೇಲೆ ಕೂರಿಸಿದರು. ಯಂತ್ರವನ್ನು ಹೊಗಳಿದ್ದೇ ಹೊಗಳಿದ್ದು. ತೊಂದರೆ ಏನಾದರೂ ಇದೆಯೇ ಎಂದು ನಮ್ಮವರು ಎರಡು ಸಲ ಕೇಳಿದರೂ, ಅಂಥದ್ದೇನೂ ಇಲ್ಲ, ಕಣ್ಣು ಮುಚ್ಚಿ ತಗೊಳ್ಳಿ ಎಂದರು.

ಅಷ್ಟರಲ್ಲಿ ಅವರ ಹೆಂಡತಿ ಗಂಗವ್ವ ನನ್ನನ್ನು ಚಹಾಕ್ಕೆಂದು ಒಳಗೆ ಕರೆದರು. ನನಗಿಂತ ಹತ್ತು ವರ್ಷವಾದರೂ ಹಿರಿಯರು. ಒಲೆಯ ಮೇಲೆ ಚಹಾ ಇಟ್ಟು, ಮಕ್ಕಳೆಷ್ಟು, ನಾನೂ ಶೆಡ್ಡಿನಲ್ಲಿ ಕೆಲಸ ಮಾಡುತ್ತೇನೆಯೇ ಎಂದೆಲ್ಲ ಕೇಳಿದರು. ಮಾಡುತ್ತೇನೆ ಎಂದೆ. ಅವರು ಚಹಾ ಕುದಿಯುವ ತನಕ ಒಲೆಯ ಮುಂದೆಯೇ ನಿಂತಿದ್ದು, ಉರಿ ಸಣ್ಣ ಮಾಡಿ, "ಹಿಂದ ಬರ್ರಿ, ಒಂದು ತೋರಸ್ತೇನಿ" ಎಂದು ಹಿತ್ತಲ ಬಾಗಿಲಿನಿಂದ ಕರೆದುಕೊಂಡು ಹೋದರು.

ಅಲ್ಲಿ ಯಂತ್ರದ ಶೆಡ್ಡಿತ್ತು. ಅದರ ತಗಡಿನ ಗೋಡೆಗೆ ಗೊಬ್ಬರದ ಚೀಲವೊಂದನ್ನು ಇಳಿಬಿಟ್ಟು ಮುಚ್ಚಿದ್ದರು. ಗಂಗವ್ವ ಚೀಲ ಸರಿಸಿದರು. ಎದೆಯ ಮಟ್ಟದಲ್ಲಿ ತಗಡು ಉದ್ದಕ್ಕೂ ಸೀಳಿಹೋಗಿತ್ತು, ಕತ್ತರಿಯಿಂದ ಬಟ್ಟೆ ಕತ್ತರಿಸಿದ ಹಾಗೆ.

ಆಮೇಲೆ ಅವರು ಹೇಳಿದ್ದಿಷ್ಟು. ಗರಗಸದ ಚಕ್ರಗಳಿಗೆ ದಪ್ಪ ತಗಡಿನ ಮುಚ್ಚಳಗಳಿವೆ. ಒಂದರ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಪದೇ ಪದೇ ಬಿಚ್ಚಿಕೊಳ್ಳುತ್ತದೆಂದು ಯಜಮಾನರು ಆ ಮುಚ್ಚಳವನ್ನೇ ತೆಗೆದಿಟ್ಟು ಕೆಲಸ ಮಾಡುತ್ತಿದ್ದರು. ದೀಪಾವಳಿಯ ಸುಮಾರಿಗೆ ಒಂದು ದಿನ ಗರಗಸ ಹರಿದು ಹಾರಿತು. ಅದೇ ಗಳಿಗೆಯಲ್ಲಿ ಅವರಿಗೆ ಫೋನು ಬಂದು, ಮಾತಾಡಲು ಆಚೆ ಸರಿದಿದ್ದರು. ವಿಷಯ ಹೊರಗೆ ಗೊತ್ತಾದರೆ ಜನ ಕೆಲಸ ಕೊಡುವುದಿಲ್ಲ ಎಂದು ಯಾರಿಗೂ ಹೇಳಿಲ್ಲವಂತೆ.

"ನಾ ಹೇಳೀನಿ ಅಂತ ನಮ್ಮವ್ರ ಮುಂದ ಅನಬ್ಯಾಡ್ರಿ," ಎಂದು ಅವರು ನನ್ನ ಕೈ ಹಿಡಿದುಕೊಂಡರು. "ಆದ್ರ ಮುಚ್ಚಳಾ ಹಾಕದ ಯಾರನ್ನೂ ಅದರ ಬಾಜೂಕ ನಿಂದರಾಕ ಬಿಡಬ್ಯಾಡ್ರಿ."

ಹಿಂದಿರುಗುವಾಗ ದಾರಿಯಲ್ಲೇ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಗಂಭೀರವಾಗಿಯೇ ಕೇಳಿದರು. ಮುಚ್ಚಳ ತೆಗೆದು ಯಂತ್ರ ನಡೆಸಿದ್ದು ಆ ಮನುಷ್ಯನ ತಪ್ಪು, ನಾವೇನು ಹಾಗೆ ಮಾಡುತ್ತೇವೆಯೇ ಎಂದರು. ನನಗೂ ಸಮಾಧಾನವಾಯಿತು.

ಮುಂದಿನ ವಾರ ನನ್ನ ತವರು ಶಿರಗುಪ್ಪಿಯಲ್ಲಿ ಪರೀಕ್ಷೆ ಇಟ್ಟುಕೊಂಡೆವು. ಅಲ್ಲಿ ದನದ ಕೊಟ್ಟಿಗೆಯ ಪಕ್ಕದ ಹಳೆಯ ಬೇವಿನ ಮರ ಗಾಳಿಗೆ ಬಿದ್ದಿತ್ತು. ನಮ್ಮಣ್ಣ ಈರಣ್ಣ ಅದರ ಕೊಂಬೆ ಸವರಿ, ಕಣ್ಣಿಗೆ ಕಂಡ ಮೊಳೆಗಳನ್ನೆಲ್ಲ ಕಿತ್ತು, ದಿಮ್ಮಿ ಸಿದ್ಧ ಮಾಡಿಟ್ಟಿದ್ದ. ಪ್ರಕಾಶ ಅವರು ಬೆಳಿಗ್ಗೆಯೇ ಗಾಡಿಯ ಹಿಂದೆ ಯಂತ್ರ ಕಟ್ಟಿಕೊಂಡು ಬಂದರು. ಅದನ್ನು ನೋಡಲು ಓಣಿಯ ಗಂಡಸರೆಲ್ಲ ಸೇರಿದರು. ಕಣದಲ್ಲಿ ನೆಲ ಸಮ ಮಾಡಿ ಯಂತ್ರ ನಿಲ್ಲಿಸಿ, ದಿಮ್ಮಿ ಏರಿಸಿ ಬಿಗಿದರು. ಎಂಜಿನ್ ಶುರುವಾಯಿತು.

ಮೊದಲ ಸೀಳು ತೆಗೆದಾಗ ಬೇವಿನ ಕಹಿ ವಾಸನೆ ಕಣದ ತುಂಬ ಹರಡಿತು. ಒಳಗಿನ ಮರ ಕೆಂಪಗೆ, ಹಸಿಹಸಿಯಾಗಿ ಕಂಡಿತು. ಎರಡನೆಯ ಹಲಗೆ ಬಂತು. ಅದರ ಎರಡೂ ತುದಿಗೆ ಟೇಪು ಹಿಡಿದು ನೋಡಿದೆ, ದಪ್ಪದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಯಂತ್ರ ಮನಸ್ಸಿಗೆ ಬಂದಿತ್ತು.

ಆಗ ಪ್ರಕಾಶ ಅವರು, ಚಕ್ರ ಎಷ್ಟು ನುಣುಪಾಗಿ ತಿರುಗುತ್ತದೆ ನೋಡಿ ಎನ್ನುತ್ತ, ಒಂದು ಬದಿಯ ಮುಚ್ಚಳವನ್ನು ತೆರೆದಿಟ್ಟು ಮೂರನೆಯ ಸೀಳಿಗೆ ಅಣಿಯಾದರು. ನಮ್ಮವರು ಮೊಬೈಲು ಹಿಡಿದು ವಿಡಿಯೋ ಮಾಡಲು ಸರಿಯಾಗಿ ಆ ಚಕ್ರದ ಎದುರಿಗೇ ಹೋಗಿ ನಿಂತರು. ನನ್ನ ಕಣ್ಣ ಮುಂದೆ ಆ ಸೀಳಿದ ತಗಡು ಬಂತು.

ಮುಚ್ಚಳ ಹಾಕಿ ಎಂದೆ. ಎಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲವೆಂದು ಹತ್ತಿರ ಹೋಗಿ ಮತ್ತೆ ಹೇಳಿದೆ. "ಏನೂ ಆಗೂದಿಲ್ರಿ ಅಕ್ಕಾರ, ನಾವು ದಿನಾ ಮಾಡೂದ ಇದು," ಎಂದು ಪ್ರಕಾಶ ನಕ್ಕರು. ನಮ್ಮವರು ನನ್ನ ಕಡೆ ತಿರುಗಿ, ಸುಮ್ಮನಿರು, ಅವರಿಗೆ ಗೊತ್ತಿದೆ ಎಂಬಂತೆ ಕೈಸನ್ನೆ ಮಾಡಿದರು. ಖುಷಿಯಲ್ಲಿ ಅವರಿಗೆ ಗಂಗವ್ವನ ಮಾತು ಮರೆತೇ ಹೋಗಿತ್ತು. ನೆರೆದ ಗಂಡಸರಲ್ಲಿ ಯಾರೋ ಏನೋ ಅಂದು ನಕ್ಕಿದ್ದೂ ಕೇಳಿಸಿತು.

ತವರೂರು, ಅಣ್ಣನ ಕಣ, ಸುತ್ತ ಜನ. ಅಲ್ಲಿ ಗಂಡನ ಮಾತಿಗೆ ಎದುರು ನಿಲ್ಲುವುದು ನನಗೂ ಸುಲಭವಿರಲಿಲ್ಲ. ಆದರೂ ಕಾಲುಗಳು ತಾವಾಗಿಯೇ ನಡೆದವು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಗರಗಸ ಮುಂದೆ ಹೋಗದ ಹಾಗೆ ದಿಮ್ಮಿಯ ಮೇಲೆ ಕೈಯಿಟ್ಟು ನಿಂತೆ.

"ಮುಚ್ಚಳಾ ಹಾಕ್ರಿ. ಇಲ್ಲಂದ್ರ ನಾ ಇಲ್ಲಿಂದ ಸರಿಯೂದಿಲ್ಲ," ಎಂದೆ.

ಪ್ರಕಾಶ ಎಂಜಿನ್ ಬಂದ್ ಮಾಡಿದರು. ನಮ್ಮವರ ಮುಖ ಕೆಂಪೇರಿತ್ತು. ನನ್ನ ಕಡೆ ನೋಡದೆ, ಹಾಕಿಬಿಡಿ ಎಂದು ಪ್ರಕಾಶ ಅವರಿಗೆ ಹೇಳಿದರು. ಮುಚ್ಚಳ ಹಾಕಿದರೆ ಅದರ ಚಿಲಕ ಕೂರುತ್ತಿಲ್ಲ. ಎರಡು ಸಲ ಒತ್ತಿದರೂ ಬಿಚ್ಚಿಕೊಂಡಿತು. ನಾನು ಅಲ್ಲಿಂದ ಕದಲಲಿಲ್ಲ. ಕೊನೆಗೆ ನಮ್ಮಣ್ಣನೇ ಕೊಟ್ಟಿಗೆಯಿಂದ ದಪ್ಪನೆಯ ತಂತಿ ತಂದು, ಮುಚ್ಚಳದ ಸುತ್ತ ಹಾಯಿಸಿ, ಇಕ್ಕಳದಿಂದ ತಿರುವಿ ತಿರುವಿ ಬಿಗಿದ. ಆಮೇಲೆ ನಾನು ಹಿಂದೆ ಸರಿದೆ.

ಎಂಜಿನ್ ಮತ್ತೆ ಶುರುವಾಯಿತು. ನಮ್ಮವರು ಮತ್ತೆ ಅದೇ ಜಾಗಕ್ಕೆ ಹೋಗಿ ಮೊಬೈಲು ಎತ್ತಿದರು. ಗರಗಸ ದಿಮ್ಮಿಯೊಳಗೆ ಹೊಕ್ಕಿತು. ಅರ್ಧ ದಾರಿ ಹೋಗಿತ್ತೋ ಇಲ್ಲವೋ, ಮದ್ದು ಸಿಡಿದಂಥ ಸದ್ದು. ಅದರ ಹಿಂದೆಯೇ ತಗಡಿನೊಳಗೆ ಯಾರೋ ಸುತ್ತಿಗೆಯಿಂದ ಬಡಿದ ಹಾಗೆ ಧಡಧಡ ಹೊಡೆತ. ಜನ ಹಿಂದಕ್ಕೆ ಓಡಿದರು. ಮರದ ಹೊಟ್ಟು ಹೊಗೆಯ ಹಾಗೆ ಎದ್ದು ನನಗೆ ಏನೂ ಕಾಣಿಸಲಿಲ್ಲ. ನಮ್ಮವರ ಹೆಸರು ಹಿಡಿದು ಕೂಗಿದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ, ಶುಭಕಾರ್ಯಗಳಲ್ಲಿ ಗಂಡನ ಹೆಸರು ಸೇರಿಸಿ ಒಗಟು ಹೇಳುವಾಗ ಬಿಟ್ಟರೆ ನಾನು ಅವರ ಹೆಸರು ಹೇಳಿದವಳಲ್ಲ.

ಹೊಟ್ಟು ಇಳಿದಾಗ ಅವರು ನಿಂತಿದ್ದರು. ಮೊಬೈಲು ಹಿಡಿದ ಕೈ ಎತ್ತಿದ್ದು ಹಾಗೆಯೇ ಇತ್ತು. ತಲೆ, ಮೀಸೆ ಎಲ್ಲ ಹೊಟ್ಟು. ಅವರು ನಿಂತಲ್ಲಿಂದ ಒಂದು ಮಾರು ದೂರದಲ್ಲಿ ಆ ಮುಚ್ಚಳ ಒಳಗಿನಿಂದ ಗುದ್ದಿಸಿಕೊಂಡು ಹೊರಗೆ ಉಬ್ಬಿಕೊಂಡಿತ್ತು. ತಂತಿ ಬಿಗಿದಲ್ಲಿ ಬಿಗಿದ ಹಾಗೆಯೇ ಇತ್ತು. ನಾನು ಹೋಗಿ ಅವರ ಎದೆ, ತೋಳು, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದೆ. ಜನ ನೋಡುತ್ತಿದ್ದಾರೆಂಬ ನೆನಪೂ ಇರಲಿಲ್ಲ. ಏನೂ ಆಗಿರಲಿಲ್ಲ. ಒಂದು ಗೀರು ಕೂಡ ಇರಲಿಲ್ಲ.

ತಂತಿ ಬಿಚ್ಚಿ ಮುಚ್ಚಳ ತೆಗೆದಾಗ, ಗರಗಸ ತುಂಡಾಗಿ ಒಳಗೇ ಮುದುಡಿ ಬಿದ್ದಿತ್ತು. ದಿಮ್ಮಿಯನ್ನು ಕೊಡಲಿಯಿಂದ ಬಿಡಿಸಿ ನೋಡಿದರೆ ನಡುವೆ ಮರವೆಲ್ಲ ಕಪ್ಪಾಗಿದೆ, ಅದರೊಳಗೆ ಹೆಬ್ಬೆರಳು ದಪ್ಪದ ಕಬ್ಬಿಣದ ಬಳೆ. ನಮ್ಮಜ್ಜನ ಕಾಲದಲ್ಲಿ ಎತ್ತು ಕಟ್ಟಲು ಹೊಡೆದದ್ದಿರಬೇಕು ಎಂದ ಅಣ್ಣ. ಮರ ಬೆಳೆಯುತ್ತ ಬೆಳೆಯುತ್ತ ಅದನ್ನು ನುಂಗಿಬಿಟ್ಟಿತ್ತು. ಹೊರಗಿನಿಂದ ಒಂದು ಗುರುತೂ ಇರಲಿಲ್ಲ.

ಪ್ರಕಾಶ ಅವರು ಕಣದ ಅಂಚಿನಲ್ಲಿ ಕುಸಿದು ಕುಳಿತಿದ್ದರು. ನಾನೇ ನೀರು ಕೊಟ್ಟೆ. ಕುಡಿದು ತಂಬಿಗೆ ಕೆಳಗಿಟ್ಟು, "ನಂದು ತಪ್ಪಾತ್ರಿ ಅಕ್ಕಾರ," ಎಂದರು. ಮನೆಯಲ್ಲಿ ತಮಗೂ ಎರಡು ಸಣ್ಣ ಮಕ್ಕಳಿದ್ದಾರೆಂದು ಹೇಳಿ ಕಣ್ಣು ಒರೆಸಿಕೊಂಡರು. ಅವರನ್ನು ಬೈಯುವ ಮನಸ್ಸು ಯಾರಿಗೂ ಬರಲಿಲ್ಲ. ಅತ್ತಿಗೆ ಎಲ್ಲರಿಗೂ ಊಟ ಬಡಿಸಿದಳು. ರೊಟ್ಟಿ ಮುರಿದದ್ದಷ್ಟೇ, ಎಲ್ಲರೂ ಅರ್ಧಕ್ಕೇ ಎದ್ದರು.

ಸಂಜೆ ಬೈಕಿನಲ್ಲಿ ಹುಬ್ಬಳ್ಳಿಗೆ ಹೊರಟೆವು. ಊರು ದಾಟಿ ಸ್ವಲ್ಪ ದೂರ ಬಂದ ಮೇಲೆ ನಮ್ಮವರು ರಸ್ತೆ ಬದಿಯ ಸಣ್ಣ ಸೇತುವೆಯ ಹತ್ತಿರ ಬೈಕು ನಿಲ್ಲಿಸಿ ಇಳಿದರು. ಸ್ವಲ್ಪ ಕೂರೋಣ ಎಂದರು. ಸೇತುವೆಯ ಕಟ್ಟೆಯ ಮೇಲೆ ಇಬ್ಬರೂ ಕುಳಿತೆವು. ಸುತ್ತ ಖಾಲಿ ಎರೆಹೊಲ.

"ನೀ ಮಶೀನ್ ಮುಂದ ಬಂದು ನಿಂತಾಗ ನನಗ ಎಷ್ಟ ಸಿಟ್ಟು ಬಂದಿತ್ತು ಗೊತ್ತೇನು?" ಎಂದರು.

"ಗೊತ್ತಿತ್ರಿ."

"ಗೊತ್ತಿದ್ದೂ ಯಾಕ ಸರೀಲಿಲ್ಲ?"

"ಸಿಟ್ಟು ನಾಳಿಗೆ ಇಳೀತೈತಿ ಅಂತನೂ ಗೊತ್ತಿತ್ತು."

ಅವರು ನಕ್ಕರು. ನಗುತ್ತ ನಗುತ್ತಲೇ ಟವೆಲಿನಿಂದ ಮುಖ ಮುಚ್ಚಿಕೊಂಡರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟುಕೊಂಡು ಕುಳಿತೆ. ಕತ್ತಲಾಗುವ ಮುಂಚೆ ಮನೆ ಮುಟ್ಟಿದೆವು.

ಮನೆಗೆ ಬಂದವಳೇ ಗಂಗವ್ವನಿಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಿದೆ. ನಿಮ್ಮವರಿಗೆ ಏನೂ ಆಗಲಿಲ್ಲವಲ್ಲ ಎಂದು ಮತ್ತೆ ಮತ್ತೆ ಕೇಳಿದರು. ಆಮೇಲೆ ದನಿ ತಗ್ಗಿಸಿ, "ಅವತ್ತ ಚಾ ಕುದಿಯೂಮಟಾ ವಿಚಾರ ಮಾಡಿದ್ನಿ, ಹೇಳ್ಲೋ ಬ್ಯಾಡೋ ಅಂತ," ಎಂದರು. ಗಂಡನಿಗೆ ಗೊತ್ತಾದರೆ ಮನೆಯಲ್ಲಿ ಜಗಳವಾಗಬಹುದೆಂದು ಗೊತ್ತಿದ್ದೂ, ಆವತ್ತೇ ಮೊದಲ ಸಲ ಕಂಡ ನನಗೆ ಅವರು ನಿಜ ಹೇಳಿದ್ದರು.

ಯಂತ್ರವನ್ನು ನಾವು ಬೇಡವೆನ್ನಲಿಲ್ಲ. ಆದರೆ ಅವಸರವನ್ನೂ ಮಾಡಲಿಲ್ಲ. ಪ್ರಕಾಶ ಅವರು ತಾವಾಗಿಯೇ ಮೇಲಿನವರ ಜೊತೆ ಮಾತಾಡಿ, ಮುಚ್ಚಳಕ್ಕೆ ಬೇರೆ ಗಟ್ಟಿ ಚಿಲಕ ಮಾಡಿಸಿ, ಅದು ಕೂರದಿದ್ದರೆ ಎಂಜಿನ್ ಶುರುವೇ ಆಗದ ಹಾಗೆ ಸ್ವಿಚ್ಚು ಇಡಿಸಿದರು. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿದೆವು. ಆ ಸಲ ಮುಚ್ಚಳವನ್ನು ಎಳೆದು ನೋಡಿದವರಲ್ಲಿ ನಮ್ಮವರೇ ಮೊದಲಿಗರು. ಪರವಾನಗಿ ಕೈಗೆ ಬಂದ ಮೇಲೆ ಯಂತ್ರ ನಮ್ಮ ಮನೆಗೆ ಬಂತು. ಗಂಗವ್ವನ ಮನೆಗೂ ಪ್ರಕಾಶ ಅದೇ ಚಿಲಕ ಒಯ್ದು ಹಾಕಿ ಬಂದರು. ನಾನು ಯಾರ ಹೆಸರನ್ನೂ ಹೇಳಿರಲಿಲ್ಲ. ಕೊಂಡವರಿಗೆಲ್ಲ ಕಂಪನಿಯೇ ಹಾಕಿಕೊಡುತ್ತಿದೆ ಎಂದಷ್ಟೇ ಗಂಗವ್ವನ ಯಜಮಾನರಿಗೆ ಗೊತ್ತು.

ಈಗ ನಮ್ಮ ಯಂತ್ರ ನೋಡಲು ಯಾರಾದರೂ ಬಂದರೆ, ನಮ್ಮವರು ಅದರ ಗುಣ ಹೇಳುತ್ತಾರೆ. ಅವರ ಜೊತೆ ಬಂದ ಹೆಂಗಸರಿಗೆ ನಾನು ಚಹಾ ಕೊಟ್ಟು ಶಿರಗುಪ್ಪಿಯ ಕತೆ ಹೇಳುತ್ತೇನೆ.

ಯಂತ್ರ ಕೆಲಸದಲ್ಲಿರುವಷ್ಟು ಹೊತ್ತು ಒಳಗೆ ಏನೇ ಮಾಡುತ್ತಿದ್ದರೂ ನನ್ನ ಒಂದು ಕಿವಿ ಶೆಡ್ಡಿನ ಕಡೆಗೇ ಇರುತ್ತದೆ. ಎಂಜಿನ್ ನಿಲ್ಲುತ್ತದೆ. ಅವರು ಹೊಟ್ಟು ಕೊಡವುತ್ತ ಹೊಸ್ತಿಲಿಗೆ ಬಂದು ಚಹಾ ಕೇಳುತ್ತಾರೆ. ಮೊದಲೆಲ್ಲ ದಿನಕ್ಕೆ ಇಷ್ಟು ಸಲ ಚಹಾ ಯಾಕೆ ಎಂದು ಗೊಣಗುತ್ತಿದ್ದೆ. ಈಗ ಎಷ್ಟು ಸಲ ಕೇಳಿದರೂ ಮಾಡಿಕೊಡುತ್ತೇನೆ.