ಹತ್ತದ ಒಲೆಯ ಬೂದಿ

ಎಂಬತ್ತರ ದಶಕದ ನಡುವೆ, ದೂರದ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ನನ್ನನ್ನು ಯಲಬುರ್ಗಾದ ಸೋದರಮಾವ ಗಂಗಾವತಿಗೆ ಹೆಣ್ಣು ನೋಡಲು ಕರೆದೊಯ್ದ. ಹುಡುಗಿಯ ತಂದೆಗೆ ಅಕ್ಕಿ ಗಿರಣಿಯಿತ್ತು. ಕೂತ ತಕ್ಷಣ ಮಾವ, ನಮ್ಮ ಹುಡುಗ ಭೂಮಿಯ ಮೇಲೆ ಸೂರ್ಯನನ್ನು ತಯಾರು ಮಾಡುತ್ತಾನೆ ಎಂದುಬಿಟ್ಟ. ಅವನದೇನು ತಪ್ಪು, ಹಾಗೆಂದು ಹೇಳಿಕೊಟ್ಟವನು ನಾನೇ.

ಹುಡುಗಿ ಚಹಾ, ಅವಲಕ್ಕಿ ತಂದಿಟ್ಟು ತಂದೆಯ ಪಕ್ಕ ಕೂತಳು. ತಲೆ ತಗ್ಗಿಸದೆ ನೇರ ನನ್ನನ್ನೇ ನೋಡಿದಳು. ಇವಳೊಬ್ಬಳು ಒಪ್ಪಿದರೆ ಸಾಕಪ್ಪಾ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವಳ ತಂದೆ, ಆ ಸೂರ್ಯನಲ್ಲಿ ನನ್ನ ಪಾಲಿನ ಕೆಲಸ ಯಾವುದೆಂದು ಕೇಳಿದರು.

ಸೂರ್ಯನಂತೆ ಅನಿಲ ಉರಿಸಿ ವಿದ್ಯುತ್ ತೆಗೆಯುವ ಯಂತ್ರ ಅದು ಎಂದು ಬಿಡಿಸಿ ಹೇಳಿದೆ. ಉಂಗುರದಂಥ ಟೊಳ್ಳು ಪಾತ್ರೆ, ಅದರೊಳಗೆ ಯಾವ ಲೋಹವೂ ತಾಳದಷ್ಟು ಬಿಸಿಯಾದ ಅನಿಲ. ಅದು ಗೋಡೆ ಮುಟ್ಟದಂತೆ ಅಯಸ್ಕಾಂತದ ಹಿಡಿತ. ಆದರೂ ಬಿಸಿ ಸೋರುತ್ತದೆ, ಉರಿದ ಅನಿಲದ್ದೇ ಒಂದು ಬಗೆಯ ಬೂದಿ ಉಳಿಯುತ್ತದೆ. ಎರಡನ್ನೂ ಕೆಳಗಿನ ಸಂದಿಯಿಂದ ಹೊರಗೆಳೆಯಬೇಕು. ಅಲ್ಲಿ ಬಿಸಿಯೆಲ್ಲ ಬೆರಳಗಲದ ಜಾಗಕ್ಕೆ ಬಿದ್ದರೆ ಕೆಳಗಿನ ತಟ್ಟೆ ಕರಗುತ್ತದೆ. ಅದನ್ನು ಉಳಿಸಿಕೊಳ್ಳುವ ದಾರಿ ಹುಡುಕುವುದು ನನ್ನ ಕೆಲಸ.

ಇಷ್ಟರಲ್ಲಿ ಅವರ ಕಿವಿಗೆ ಬಿದ್ದದ್ದು ಬೂದಿ ಎಂಬ ಒಂದೇ ಮಾತು. ಗಿರಣಿಯ ಬಾಯ್ಲರಿಗೆ ಭತ್ತದ ಹೊಟ್ಟು ಉರಿಸುವವರು ಅವರು. "ಬೂದಿ ತೆಗಿಯಾಕ ನಮ್ಮಲ್ಲೂ ಇಬ್ಬರು ಅದಾರ್ರಿ," ಎಂದರು, ಸಮಾಧಾನ ಹೇಳುವವರ ದನಿಯಲ್ಲಿ. ಮಾವ ಚಹಾದ ಬಸಿಯನ್ನು ಮುಖಕ್ಕೆ ಅಡ್ಡ ಹಿಡಿದ.

ಆಗ ಹುಡುಗಿ ಕೇಳಿದಳು: "ನಿಮ್ಮ ಒಲಿ ಹತ್ತೇತೇನ್ರಿ?"

"ಇನ್ನೂ ಇಲ್ಲ."

"ಮತ್ತ ಬೂದಿ ಎಲ್ಲಿಂದ ಬಂತ್ರಿ?" ಎಂದು ನಕ್ಕಳು.

ಆ ನಗೆಯಲ್ಲಿ ಕುಹಕವಿರಲಿಲ್ಲ, ನೀವೂ ನಗಿರಿ ಎಂಬ ಸಲಿಗೆಯಿತ್ತು. ಅದು ನನಗೆ ಹೊಳೆದದ್ದು ಕೊಪ್ಪಳದ ಬಸ್ಸು ಹತ್ತಿದ ಮೇಲೆ. ಅವಳು ನಕ್ಕ ಹೊತ್ತಿಗೆ ಮಾತ್ರ ವಿಜ್ಞಾನದ ಮಾನವೆಲ್ಲ ನನ್ನ ಹೆಗಲಿಗೇ ಬಿದ್ದಿದೆ ಅನಿಸಿತು. ಅವಲಕ್ಕಿಯನ್ನು ತಟ್ಟೆಯಲ್ಲಿ ಉಂಗುರದಂತೆ ಹರವಿ, ಸುತ್ತ ಶೇಂಗಾ ಕಾಳಿನ ಅಯಸ್ಕಾಂತಗಳನ್ನಿಟ್ಟು, ಒಲೆ ಹತ್ತುವ ಮೊದಲೇ ಬೂದಿಯ ಚಿಂತೆ ಏಕೆ ಮಾಡಬೇಕು ಎಂದು ಮುಕ್ಕಾಲು ಗಂಟೆ ಪಾಠ ಮಾಡಿದೆ. ಅವಳ ನಗೆ ಯಾವಾಗ ನಿಂತಿತೋ ನೋಡಲೇ ಇಲ್ಲ. ಪಾಠ ಮುಗಿಸಿ ತಲೆ ಎತ್ತಿದಾಗ ಅವಳು ಎದ್ದು ಒಳಗೆ ಹೋಗಿದ್ದಳು.

ನಾಲ್ಕು ದಿನ ಬಿಟ್ಟು ಮಾವ ಉತ್ತರ ತಂದ. ಬೇಡವಂತೆ. ಬೂದಿ ತೆಗೆಯುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಾನು ಗೊಣಗಿದೆ. ಅದಕ್ಕಲ್ಲ ಎಂದ ಮಾವ.

"ಹುಡುಗಿ ಒಪ್ಪಿದ್ಲಂತಪ," ಎಂದ, "ನೀ ಪಾಠ ಸುರು ಮಾಡೋತನಕ."